ಓಡುವ ಬೇರು, ಕೆಂಪು ದಾರ

ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲ. ಹಿಮದ ಸಾಲಿನ ಈಚೆಗೆ ಮಲ್ಲರಸ ಅನ್ನುವ ಎಳೆಯ ರಾಜ ಆಳುತ್ತಿದ್ದ. ಅವನಿಗೊಬ್ಬಳೇ ತಂಗಿ, ಸೋಮಲೆ. ಅವಳದೋ ಹುಟ್ಟಾ ಅನುಮಾನದ ಬುದ್ಧಿ. ಹಾಲು ಕೊಟ್ಟರೆ ಮೂಸಿ ನೋಡುವಳು, ಹಾಸಿಗೆ ಹಾಸಿದರೆ ಕೊಡವಿ ನೋಡುವಳು. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಣ್ಣಾ" ಅನ್ನುವಳು.

"ನಿನ್ನ ಕಟ್ಟಿಕೊಳ್ಳೋನು ದಿನಾ ಸಾಕ್ಷಿ ಕರಕೊಂಡೇ ಮನೆಗೆ ಬರಬೇಕು" ಅಂತ ಅಣ್ಣ ನಗುತ್ತಿದ್ದ.

ಅಂಥ ಅಣ್ಣ ಹಾಸಿಗೆ ಹಿಡಿದ. ಅರಮನೆಯ ವೈದ್ಯ ಬೊಪ್ಪಯ್ಯ ಪಂಡಿತ ಕಷಾಯ ಕುಡಿಸಿದಷ್ಟೂ ಸೊರಗಿದ.

"ತಾಯಿ, ಇನ್ನು ಒಂದೇ ದಾರಿ" ಅಂದ ಪಂಡಿತ. "ಹಿಮದ ಬೆಟ್ಟದಾಚೆ ಚೀನದ ಕಾಡಿನಲ್ಲಿ ಆಳುಬೇರು ಅಂತಿದೆ. ಮನುಷ್ಯನ ಹಾಗೇ ಕೈಕಾಲು, ನೆತ್ತಿಯ ಮೇಲೆ ಕೆಂಪು ಹಣ್ಣಿನ ಗೊಂಚಲು. ಮುಟ್ಟಹೋದರೆ ಮಣ್ಣೊಳಗೇ ಓಡುತ್ತೆ. ಈ ಕೆಂಪು ದಾರ ಕಟ್ಟಿದರೆ ಕದಲೋದಿಲ್ಲ. ಇಡಿಯಾಗಿ ತಾ. ಒಂದು ಬೆರಳೂ ಮುರಿಯಬಾರದು."

ದಾರವನ್ನು ಎಲೆಯಲ್ಲಿ ಸುತ್ತಿ, ಚಿಮಟದಲ್ಲಿ ಹಿಡಿದು ಕೊಟ್ಟ.

"ಕೈಯಲ್ಲೇ ಕೊಡಬಾರದೇ ಪಂಡಿತರೇ?"

"ಮಡಿಯ ದಾರ ತಾಯಿ. ನನ್ನದು ಊಟ ಆಗಿದೆ."

'ನನ್ನದೂ ಆಗಿದೆಯಲ್ಲ!' ಅಂದುಕೊಂಡಳು ಸೋಮಲೆ. ಅಣ್ಣನ ಏದುಸಿರು ಕೇಳಿ, ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಬೆಟ್ಟ ಹತ್ತಿ ಇಳಿದು, ಕಾಡು ಹೊಕ್ಕಳು. ಕೆಂಪು ಗೊಂಚಲು ಕಂಡಿತು. ಮಣ್ಣಿನೊಳಗಿಂದ ದನಿ ಬಂತು: "ಯಾಕೆ ಬಂದೆ?"

"ಹಣ್ಣು ಚೆಂದ ಇದೆ, ನೋಡೋಣ ಅಂತ ಬಂದೆ."

ಸರ್ರನೆ ಬೇರು ಓಡಿತು. ಗೊಂಚಲು ಆಚೆ ದಿಬ್ಬದಲ್ಲಿ ಎದ್ದಿತು. ಸೋಮಲೆ ಅಲ್ಲಿಗೂ ಹೋದಳು.

"ಯಾಕೆ ಬಂದೆ?"

"ನಿನಗೆ ಬಾಯಾರಿರಬಹುದು, ನೀರು ಹಾಕೋಣ ಅಂತ ಬಂದೆ."

"ಸೊಂಟದಲ್ಲಿ ದಾರ ಸಿಕ್ಕಿಸಿಕೊಂಡು?" ಬೇರು ಹಳ್ಳ ದಾಟಿ ಓಡಿತು.

ಹಳ್ಳ ದಾಟಿ ಸೋಮಲೆ ಉಸ್ಸೆಂದು ಕೂತಳು. ಇದು ನನಗಿಂತ ಅನುಮಾನದ ಪ್ರಾಣಿ ಅನ್ನಿಸಿತು. ಅನುಮಾನದವರ ಮುಂದೆ ಸವಿಮಾತು ನಡೆಯೋದಿಲ್ಲ ಅಂತ ಅವಳಿಗಿಂತ ಬಲ್ಲವರು ಯಾರು?

"ಯಾಕೆ ಬಂದೆ?"

"ನಿನ್ನ ಕಟ್ಟಿ, ಕಿತ್ತು, ಕುದಿಸಿ, ನಮ್ಮಣ್ಣನಿಗೆ ಕುಡಿಸೋಕೆ ಬಂದೆ!"

ಬೇರು ಮಣ್ಣು ಕೊಡವಿಕೊಂಡು ಮೇಲೆದ್ದು ಎದುರಿಗೆ ಕೂತಿತು. ಮೊಣಕಾಲೆತ್ತರದ ಸುಕ್ಕುಮೈಯ ಮುದುಕ.

"ಈಗ ಮಾತಾಡಬಹುದು. ಕಾಯಿಲೆಗೆ ನನ್ನ ಒಂದು ಬೆರಳು ಸಾಕು, ಮುರಿದುಕೋ. ಮತ್ತೆ ಚಿಗುರುತ್ತೆ."

"ಇಡೀ ಬೇರೇ ಬೇಕು ಅಂದರಲ್ಲ?"

ಮುದುಕ ಹತ್ತಿರ ಸರಿದ. "ಇಡೀ ಬೇರು ತಿಂದವನಿಗೆ ಸಾವಿಲ್ಲ ಮಗಳೇ. ಒಬ್ಬ ಮಾಯಾವಿ ನಮ್ಮ ವಂಶವನ್ನೇ ನುಂಗಿದ್ದಾನೆ. ಅವನ ವಾಸನೆ ಬಂದರೆ ನಾವು ಓಡ್ತೀವಿ. ಅದಕ್ಕೇ ಯಾರಿಗೋ ಕಾಯಿಲೆ ತರಿಸಿ, ಅವರ ಮನೆಯವರನ್ನ ಕಳಿಸ್ತಾನೆ. ತಿಂದು ತಿಂದು ತಾನೂ ಬೇರಾಗಿದ್ದಾನೆ."

"ಹೇಗಿದ್ದಾನೆ ನೋಡೋಕೆ?"

"ನೋಡಿದವರು ನಮ್ಮಲ್ಲಿ ಉಳಿದಿಲ್ಲ."

ಸೋಮಲೆ ಸೊಂಟದ ದಾರ ನೋಡಿದಳು. ಚಿಮಟ ನೆನಪಾಯಿತು. ಮುದುಕನ ಒಂದು ಬೆರಳು ಮುರಿದು, ಗಂಟು ಕಟ್ಟಿಕೊಂಡು ಊರ ದಾರಿ ಹಿಡಿದಳು.

ಅರಮನೆ ಬಾಗಿಲಲ್ಲೇ ಪಂಡಿತ ಕಾದಿದ್ದ. ನೆಲ ಗುಡಿಸುವ ನಿಲುವಂಗಿ, ಗಂಟಿನ ಮೇಲೇ ಕಣ್ಣು.

"ಇಡಿಯಾಗಿದೆ ತಾನೇ? ಕೊಡು, ಕೊಡು!"

"ಗಂಟು ಎಲ್ಲಿಗೆ ಹೋಗುತ್ತೆ ಪಂಡಿತರೇ? ಮೊದಲು ಆಶೀರ್ವಾದ ಮಾಡಿ."

ಕಾಲಿಗೆ ಬೀಳುವವರನ್ನು ಬೇಡ ಅನ್ನುವ ದೊಡ್ಡ ಮನುಷ್ಯ ಎಲ್ಲಿದ್ದಾನೆ? ಪಂಡಿತ ಪಾದ ಮುಂದೆ ಚಾಚಿ ಕೈ ಎತ್ತಿದ. ನನ್ನ ಅನುಮಾನ ಸುಳ್ಳಾದರೆ ದಾರ ಬಿಚ್ಚಿದರಾಯಿತು ಅಂದುಕೊಂಡು, ಸೋಮಲೆ ಬಗ್ಗಿ ಎರಡೂ ಕಾಲಿಗೆ ಕೆಂಪು ದಾರ ಬಿಗಿದಳು.

"ಅಯ್ಯೋ, ಬಿಚ್ಚೇ! ಬಿಚ್ಚೇ!"

"ನಾನು ಉಂಡಿದ್ದೀನಿ ಪಂಡಿತರೇ. ಮಡಿಯ ದಾರ, ಮುಟ್ಟಬಾರದು."

ಅವನ ಕಾಲು ನೆಲಕ್ಕಿಳಿಯಿತು, ಕೈ ರೆಂಬೆಯಾಯಿತು, ನೆತ್ತಿಯಲ್ಲಿ ಕೆಂಪು ಗೊಂಚಲು ಬಿಟ್ಟಿತು. ಹಕ್ಕಿಗಳು ಆ ಹಣ್ಣು ತಿಂದು ಬೆಟ್ಟದಾಚೆ ಹಾರಿದವು. ಅವು ಬೀಜ ಬೀಳಿಸಿದಲ್ಲೆಲ್ಲ, ಅವನು ನುಂಗಿದ್ದ ಬೇರುಗಳು ಒಂದೊಂದಾಗಿ ಮತ್ತೆ ಹುಟ್ಟಿದವು.

ಬೆರಳಿನ ಕಷಾಯ ಕುಡಿದ ಮಲ್ಲರಸ ಎದ್ದು ಕೂತು ಅನ್ನ ಕೇಳಿದ. ರಾಜ್ಯವೆಲ್ಲ ಸುಖವಾಗಿತ್ತು. ಅಣ್ಣ ಆಮೇಲೆ ಎಂದೂ ತಂಗಿಯನ್ನು ಆಡಿಕೊಳ್ಳಲಿಲ್ಲ. ತನ್ನ ಹಾಲಿನ ಲೋಟವನ್ನೂ ಅವಳ ಮುಂದೆ ಹಿಡಿದು, "ಇದನ್ನೂ ಒಂದು ಸಲ ಮೂಸಿಬಿಡೇ ತಂಗಿ" ಅನ್ನುತ್ತಿದ್ದನಂತೆ.