ಮೂರನೇ ಕೂಗು

ಮುದುಕನ ನೆನಪು ಕೈಕೊಟ್ಟಿದೆ ಅಂತ ನಗೋರು ಫೋನ್ ಕೆಳಗಿಟ್ಟು ಎದ್ದು ಹೋಗಿ. ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಮರೆತೀನಿ. ಆ ಮಧ್ಯಾಹ್ನವನ್ನು ಮರೆಯಲ್ಲ. ಮೂವತ್ತು ವರ್ಷ ಉಯಿಲು ಕೋರ್ಟಿನ ಬಾಗಿಲಲ್ಲಿ ಕೂಗಿದ ಗಂಟಲು ಇದು.

ಸತ್ತವರ ಆಸ್ತಿ, ದಿಕ್ಕಿಲ್ಲದ ಮಕ್ಕಳು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ಎಲ್ಲರಿಗೂ ಆ ಕೋರ್ಟೇ ಯಜಮಾನ. ಆ ಕೋರ್ಟು ಬರುವುದಕ್ಕೂ ಹಿಂದೆ ಉಯಿಲು ತೆರೆಯುವ ಅಧಿಕಾರ ಧರ್ಮಗುರುಗಳ ಕೈಯಲ್ಲಿತ್ತಂತೆ. ಅವರಿಂದ ನಮಗೆ ಕಪಾಟುಗಳು ಬಂದವು, ಜೊತೆಗೊಂದು ಪದ್ಧತಿಯೂ ಬಂತು: ಮುದ್ರೆ ಒಡೆಯುವ ಮುಂಚೆ "ತಕರಾರು ಇದೆಯಾ?" ಎಂದು ಮೂರು ಸಲ ಕೂಗಬೇಕು. ಮೊದಲನೆಯದು ಮನೆಯವರಿಗೆ. ಎರಡನೆಯದು ಹೊರಗಿನವರಿಗೆ. ಮೂರನೆಯದು ಸತ್ತವರಿಗೆ.

ಅವತ್ತು ನನ್ನ ಗಂಟಲು ಕಟ್ಟಿತ್ತು. ಹೊಸ ಗುಮಾಸ್ತ ಕೂಗಲು ನಿಂತ. ಮದುವೆಯಾಗಿ ಎಂಟು ತಿಂಗಳು. ಹೆಂಡತಿ ಊಟದ ಡಬ್ಬಿ ಹಿಡಿದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಮಾಟ ಮಾಡುತ್ತಿದ್ದ, ಈಗ ಸತ್ತಿದ್ದ ಮುದುಕಿಯೊಬ್ಬಳ ಉಯಿಲು ಮೇಜಿನ ಮೇಲಿತ್ತು. ಅರಗಿನ ಮುದ್ರೆಯೊಳಗೆ ಬಿಳಿ ಕೂದಲು.

"ಮಾರಾಯ, ಮೂರನೇದು ಬಿಡಬೇಡ," ಅಂದೆ.

"ಹೆಣ ಬಂದು ತಕರಾರು ಅರ್ಜಿ ಹಾಕುತ್ತಾ ತಾತ? ಸ್ಟಾಂಪ್ ಯಾರು ಅಂಟಿಸ್ತಾರೆ?"

ಎರಡೇ ಸಲ ಕೂಗಿದ. ಪಟ್ ಅಂತ ಮುದ್ರೆ ಒಡೆದ.

ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತು. ಫ್ಯಾನು ನಿಂತಿತು. ಕಿಟಕಿಯಾಚೆ ಸುಡುಬಿಸಿಲು, ಒಳಗೆ ಮಾತ್ರ ಬಾವಿಯ ತಳದಂಥ ಕತ್ತಲೆ. ಆ ಕತ್ತಲೆಯಲ್ಲೇ ಅವನು ಓದುತ್ತಿದ್ದ: "ನನ್ನನ್ನು ಕೇಳದೆ ಇದನ್ನು ತೆರೆದವನ ಪಾಲನೆ, ಪೋಷಣೆ, ಬುದ್ಧಿ, ಬಾಯಿ ಎಲ್ಲವೂ ನನ್ನ ಸ್ವಾಧೀನ." ದನಿ ತೆಳ್ಳಗಾಯಿತು. ತೊದಲಿತು. ಊರುಗೋಲು ನೆಲಕ್ಕೆ ತಾಗಿದ ಸದ್ದು. ಅವನತ್ತ ಕೈ ಚಾಚಿದೆ. ಅಂಗೈ ಸಿಕ್ಕಿತು. ತಣ್ಣಗಿತ್ತು. ಸುಕ್ಕುಸುಕ್ಕಾಗಿತ್ತು. ಅದು ಅವನದಲ್ಲ.

ಬೆಳಕು ಬಂದಾಗ ಅವನು ಮೇಜಿನ ಕೆಳಗೆ ಕೂತು ಬೆರಳು ಚೀಪುತ್ತಿದ್ದ.

ಆರು ವಾರದ ಮೇಲೆ ಅದೇ ಕೋರ್ಟಿಗೆ ಹೆಂಡತಿ ಅರ್ಜಿ ಹಾಕಿದಳು, ಗಂಡನಿಗೆ ತನ್ನನ್ನೇ ಪೋಷಕಿಯಾಗಿ ನೇಮಿಸಿ ಎಂದು. ಡಾಕ್ಟರ ಸರ್ಟಿಫಿಕೇಟು ಇತ್ತು. ಎದುರಾಡುವವರು ಯಾರೂ ಇರಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಮೆತ್ತಗೆ ಕೇಳಿದರು:

"ಹೆಂಡತಿ ಜೊತೆ ಮನೆಗೆ ಹೋಗ್ತೀಯೇನಪ್ಪಾ?"

ಅವಳು ಕೈ ನೀಡಿದಳು. ಅವನೂ ನೀಡಿದ. ಅರ್ಧಕ್ಕೇ ಯಾರೋ ಹೊಡೆದ ಹಾಗೆ ಹಿಂದಕ್ಕೆಳೆದುಕೊಂಡ. ಪಕ್ಕದ ಖಾಲಿ ಕುರ್ಚಿಯತ್ತ ತಿರುಗಿದ.

"ಅಜ್ಜೀನ ಕೇಳಿ ಹೇಳ್ತೀನಿ," ಅಂದ.

ನಿಮಗೆ ಗೊತ್ತಿರುವವರು ಯಾರಾದರೂ ಕೋರ್ಟಿನ ಕೆಲಸಕ್ಕೆ ಹೊಸದಾಗಿ ಸೇರಿದ್ದರೆ ಇದನ್ನು ಇವತ್ತೇ ಅವರಿಗೆ ಕಳಿಸಿ. ಬಾಗಿಲಲ್ಲಿ ನಿಂತು ಕೂಗುವ ಮುಂಚೆ ಕೇಳಿಸಿಕೊಳ್ಳಲಿ.