ಚಿಕ್ಕಬಸಪ್ಪನ ಮನೆಯಲ್ಲಿ ಒಂದು ಮಧ್ಯಾಹ್ನದ ನಿದ್ದೆ

“ಗೋಡೆ ತಟ್ಟಿ ನೋಡು, ಬಾವಿ ನೀರು ಸೇದಿ ಕುಡಿ, ನಿನ್ನಿಷ್ಟ. ಆದ್ರೆ ಆ ಮನೇಲಿ ಒರಗಬ್ಯಾಡ ಕಣಪ್ಪ. ಒಂದ್ ಗಳಿಗೆನೂ ಕಣ್ಣು ಮುಚ್ಚಬ್ಯಾಡ.”

ಎದುರು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಸಾಕಮ್ಮಜ್ಜಿ ಹೇಳಿದಳು. ಬೀಗಕ್ಕೆ ಕೈ ಹಾಕಿದ್ದ ರಂಗನಾಯಕ ತಿರುಗಿ ನೋಡಿ ನಕ್ಕ. ನಗುವುದಕ್ಕೂ ತ್ರಾಣವಿರಲಿಲ್ಲ, ಆದರೂ ನಕ್ಕ.

“ಯಾಕಜ್ಜಿ, ಒಳಗೆ ನಿದ್ದೆ ಕದಿಯೋ ಕಳ್ಳ ಅವ್ನಾ? ನನ್ನತ್ರ ಬಂದ್ರೆ ಬರಿಗೈಲಿ ಓಯ್ತಾನೆ ಬುಡು. ನಾನು ನೆಟ್ಟಗೆ ಮಲಗಿ ಒಂಬತ್ತು ತಿಂಗಳಾಯ್ತು.”

“ನಗಬ್ಯಾಡ. ಅಣ್ಣ ದೊಡ್ಡಬಸಪ್ಪ ಮಲಗಿದ್ದಾಗ ಅವನ ಹೆಬ್ಬೆಟ್ಟು ಹಿಡಿದು ಪಾಲುಪತ್ರಕ್ಕೆ ಒತ್ತುಸ್ಕಂಡ, ನಿನಗೆ ಮನೆ ಮಾರ್ತಿರೋ ಈ ಚಿಕ್ಕಬಸಪ್ಪ. ಅಣ್ಣ ಎದ್ದು ನೋಡಿದ್ರೆ ಮನೆ ಇಲ್ಲ. ಅವನೇನು ಸುಮ್ಕೆ ಓದ್ನಾ? ಒಳೆಯಾಚೆಯಿಂದ ಮಂತ್ರವಾದೀನ ಕರ್ಕಬಂದು ನಡುಮನೇಲಿ ತಾಮ್ರದ ತಗಡು ಊಳುಸ್ದ. ‘ನಾನು ಮಲಗಿ ಮನೆ ಕಳ್ಕಂಡೆ, ಇಲ್ಲಿ ಮಲಗ್ದೋನು ನಿದ್ದೆ ಕಳ್ಕಳ್ಳಿ’ ಅಂತ. ಅನ್ನೊಂದು ವರ್ಸ ಆಯ್ತು, ಚಿಕ್ಕಬಸಪ್ಪ ರೆಪ್ಪೆ ಮುಚ್ಚಿಲ್ಲ. ಇನ್ನೊಬ್ರು ಬಂದು ಒರಗ್ಬೇಕು, ಆಗ್ಲೇ ಅವನಿಗೆ ಬುಡುಗಡೆ.”

“ಸರಿ ಕಣಜ್ಜಿ,” ಎಂದು ರಂಗನಾಯಕ ಬಾಗಿಲು ತಳ್ಳಿದ. ಮನೆ ಕೊಳ್ಳುವವನಿಗೆ ಬೀದಿಯವರು ಒಂದಲ್ಲ ಒಂದು ಕತೆ ಕಟ್ಟಿ ಹೇಳುವುದು ಇದ್ದದ್ದೇ.

ಪಾಪ, ಅವನ ಪಾಡೂ ಹಾಗಿತ್ತು. ಹೆಮ್ಮರಗಾಲದಿಂದ ಬಂದು ತಾಂಡ್ಯದ ಒಂದು ರಟ್ಟಿನ ಕಾರ್ಖಾನೆಗೆ ಸೇರಿದವನಿಗೆ ರಾತ್ರಿ ಪಾಳಿಯೇ ಗಂಟುಬಿದ್ದಿತ್ತು. ಹಗಲು ಮಲಗೋಣವೆಂದರೆ ನಂಜನಗೂಡಿನಲ್ಲಿ ಸಿಕ್ಕ ಬಾಡಿಗೆ ಕೋಣೆ ಹಿಟ್ಟಿನ ಮಿಲ್ಲಿನ ಬೆನ್ನಿಗೇ ಅಂಟಿಕೊಂಡದ್ದು. ಬೆಳಗ್ಗೆ ಎಂಟಕ್ಕೆ ಬೆಲ್ಟು ತಿರುಗಲು ಶುರುವಾದರೆ ಗೋಡೆ, ಚಾಪೆ, ತಲೆಯೊಳಗಿನ ಮೂಳೆ, ಎಲ್ಲವೂ ಒಟ್ಟಿಗೇ ಅದುರುತ್ತಿದ್ದವು. ಹೆಂಡತಿ ಮರಿತಾಯಮ್ಮ ಅವನ ಕಿವಿಗೆ ಹತ್ತಿ ತುರುಕಿ, ತಲೆಗೆ ತನ್ನ ಹಳೇ ಸೀರೆ ಸುತ್ತಿ, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು. ಕೊನೆಗೆ ಅವಳೇ ಕಿವಿಯ ಓಲೆ ಬಿಚ್ಚಿ ಕೊಟ್ಟು, “ಸಣ್ಣದಾದ್ರೂ ಸರಿ, ಸದ್ದಿಲ್ದ ಕಡೆ ಒಂದ್ ಮನೆ ನೋಡಿ,” ಅಂದಿದ್ದಳು. ಅವನಿಗೆ ಬೇಕಾಗಿದ್ದು ಮನೆಯಲ್ಲ, ನಿದ್ದೆ. ಕಪಿಲೆಯ ದಂಡೆಯ ಬೀದಿಯಲ್ಲಿ ಇಷ್ಟು ಅಗ್ಗವಾಗಿ ಮನೆ ಯಾಕೆ ಸಿಕ್ಕಿತೆಂದು ಅವನು ಕೇಳಲೇ ಇಲ್ಲ. ಮುಂಗಡ ಕೊಟ್ಟಾಗಿತ್ತು, ಗುರುವಾರ ರಿಜಿಸ್ಟ್ರಿ. ಅಷ್ಟರೊಳಗೆ ಇನ್ನೊಮ್ಮೆ ನೋಡಿಕೊಳ್ಳಿ ಎಂದು ಚಿಕ್ಕಬಸಪ್ಪನೇ ಬೀಗದ ಕೈ ಕೊಟ್ಟಿದ್ದ. ಆ ಮುದುಕನ ಕಣ್ಣು ಒಣಮೆಣಸಿನಕಾಯಿಯಷ್ಟು ಕೆಂಪಗಿತ್ತು. “ನಿಧಾನವಾಗಿ ನೋಡ್ಕಳಿ, ಅವಸರ ಇಲ್ಲ,” ಎಂದು ಎರಡೆರಡು ಸಲ ಹೇಳಿದ್ದ.

ಹೊರಗೆ ಸೋಮವಾರದ ಉರಿಬಿಸಿಲು. ಒಳಗೆ ಕಾಲಿಟ್ಟರೆ ಕತ್ತಲು, ಮೈಗೆ ತಣ್ಣಗೆ ಮೆತ್ತಿಕೊಳ್ಳುವಂಥ ಕತ್ತಲು. ಹಳೇ ಸುಣ್ಣದ ವಾಸನೆ, ಹರಳೆಣ್ಣೆ ದೀಪದ ಕಮಟು. ರಂಗನಾಯಕ ತೊಲೆಗಳನ್ನು ಗುದ್ದಿ ನೋಡಿದ, ಗೆದ್ದಲಿರಲಿಲ್ಲ. ಬಾವಿಯಲ್ಲಿ ನೀರಿತ್ತು. ಅಡುಗೆಮನೆಯ ಹೆಂಚು ಎರಡು ಸರಿದಿದ್ದವು, ಅದೇನು ಮಹಾ. ಎಲ್ಲಕ್ಕಿಂತ ಹೆಚ್ಚಾಗಿ, ಸದ್ದಿಲ್ಲ! ಅವನು ನಿಂತು ಕಿವಿಗೊಟ್ಟ. ಮಿಲ್ಲಿಲ್ಲ, ಲಾರಿಯಿಲ್ಲ, ಒಂದು ಕಾಗೆಯೂ ಇಲ್ಲ. ಅಯ್ಯೋ ಶಿವನೇ, ಇಂಥ ಮೌನವೂ ಇದೆಯಾ ಲೋಕದಲ್ಲಿ ಅನ್ನಿಸಿ ಅವನ ಕಣ್ಣಲ್ಲಿ ನೀರೇ ಬಂತು.

ನಡುಮನೆಗೆ ಬಂದಾಗ ಮಾತ್ರ ಸ್ವಲ್ಪ ಬೆರಗಾಯಿತು. ಹನ್ನೊಂದು ವರ್ಷ ಬೀಗ ಬಿದ್ದಿದ್ದ ಮನೆ. ಮೂಲೆ ಮೂಲೆಯಲ್ಲೂ ದೂಳು, ಬಲೆ. ಆದರೆ ನಡುಮನೆಯನ್ನು ಯಾರೋ ಗುಡಿಸಿ ಸಾರಿಸಿದ್ದರು. ಅಲ್ಲೊಂದು ಹೊಸ ಚಾಪೆ ಹಾಸಿತ್ತು. ತಲೆಗೆ ದಿಂಬು. ಪಕ್ಕದಲ್ಲಿ ಮಡಕೆಯಲ್ಲಿ ನೀರು, ಮೇಲೊಂದು ಲೋಟ.

“ಬಸಪ್ಪನೋರು ಒಳ್ಳೆ ಮನುಷ್ಯ,” ಎಂದುಕೊಂಡ ರಂಗನಾಯಕ. ಅಜ್ಜಿಯ ಮಾತು ನೆನಪಾಗಲಿಲ್ಲವೆಂದಲ್ಲ, ಆಯಿತು. ಆದರೆ ಒಂಬತ್ತು ತಿಂಗಳು ನಿದ್ದೆಗೆಟ್ಟವನ ಮುಂದೆ ತಂಪು ನೆಲ, ಚಾಪೆ, ದಿಂಬು ಇಟ್ಟರೆ ಯಾವ ಮಾಟ, ಯಾವ ಮಂತ್ರ? ಹತ್ತೇ ನಿಮಿಷ ಸೊಂಟ ನೆಟ್ಟಗೆ ಮಾಡೋಣವೆಂದು ಒರಗಿದ.

ನಿದ್ದೆ ಬಂತು. ಎಂಥ ನಿದ್ದೆ! ಹೊಳೆಯ ಮಡುವಿಗೆ ಇಳಿದ ಹಾಗೆ ಕೆಳಗೆ, ಇನ್ನೂ ಕೆಳಗೆ. ಆ ಆಳದಲ್ಲಿ ಯಾರೋ ಬಂದು ಪಕ್ಕದಲ್ಲಿ ಕೂತರು. ಹರಳೆಣ್ಣೆಯ ವಾಸನೆ ಹತ್ತಿರವಾಯಿತು. ಅವನ ಬಲಗೈಯನ್ನು ಎತ್ತಿಕೊಂಡರು. ತಣ್ಣನೆಯ ಕೈ. ಒರಟು ಕೈ. ಹೆಬ್ಬೆರಳನ್ನು ಮಾತ್ರ ಬೇರ್ಪಡಿಸಿದರು. ಏನೋ ಸವರಿದರು. ಎಳೆದುಕೊಳ್ಳಬೇಕೆಂದ, ಆಗಲಿಲ್ಲ. ಕೂಗಬೇಕೆಂದ, ನಾಲಿಗೆ ಏಳಲಿಲ್ಲ. ಬೆರಳನ್ನು ನೆಲಕ್ಕೆ ಒತ್ತಿದರು. ಒತ್ತಿದರು. ಮೂಳೆ ಲಟಕ್ಕೆನ್ನುವಷ್ಟು ಒತ್ತಿದರು. ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟು, “ಆಯ್ತು,” ಅಂದರು.

ಅವನು ಚಂಗನೆ ಎದ್ದು ಕೂತ. ಹೊರಗೆ ಇಳಿಬಿಸಿಲು. ಮನೆಯಲ್ಲಿ ಯಾರೂ ಇಲ್ಲ. ಬಲಗೈ ಹೆಬ್ಬೆರಳು ಕರ್ರಗೆ ಮಸಿಯಾಗಿತ್ತು. ಪಕ್ಕದ ನೆಲದ ಮೇಲೆ ಆ ಮಸಿಯ ಗುರುತು ಹಸಿಹಸಿಯಾಗಿ ಹೊಳೆಯುತ್ತಿತ್ತು.

ಬೀಗ ಹಾಕುವಷ್ಟು ಬುದ್ಧಿ ಹೇಗೆ ಉಳಿದಿತ್ತೋ, ಹಾಕಿ ಓಡಿದ. ಸಾಕಮ್ಮ ಜಗಲಿಯಿಂದ ಅವನ ಬೆರಳನ್ನು ನೋಡಿದಳು. “ಒರಗಬ್ಯಾಡ ಅಂತ ಏಳಿದ್ನಲ್ಲಪ್ಪ,” ಎಂದವಳು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು.

ಮಂಗಳವಾರ ನಿದ್ದೆ ಬರಲಿಲ್ಲ. ಬುಧವಾರವೂ ಬರಲಿಲ್ಲ. ಮಿಲ್ಲು ನಿಂತರೂ ಬರಲಿಲ್ಲ. ರೆಪ್ಪೆ ಮುಚ್ಚಿದರೆ ಒಳಗಡೆ ಮರಳು ಸುರಿದ ಹಾಗೆ ಉರಿ, ತೆರೆದರೇ ವಾಸಿ. ಗುರುವಾರ ರಿಜಿಸ್ಟ್ರಾರ್ ಕಚೇರಿಯ ಮುಂದೆ ಸಂಜೆಯವರೆಗೂ ಕಾದ, ಚಿಕ್ಕಬಸಪ್ಪ ಬರಲಿಲ್ಲ. ಶುಕ್ರವಾರ ಬಸ್ಸು ಹತ್ತಿ ಮುದುಕನ ಮಗಳ ಮನೆ ಹುಡುಕಿಕೊಂಡು ಟಿ. ನರಸೀಪುರಕ್ಕೆ ಹೋದ.

ಬಾಗಿಲಲ್ಲೇ ಮಗಳು ಕೈ ಅಡ್ಡ ಹಿಡಿದಳು. “ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಿದ್ರು ಸಾ. ತುತ್ತು ಕೈಲಿದ್ದಂಗೇ ವಾಲ್ಕಂಡ್ರು. ಇನ್ನೂ ಎದ್ದಿಲ್ಲ. ಅನ್ನೊಂದು ವರ್ಸದ ನಿದ್ದೆ, ದಮ್ಮಯ್ಯ, ಎಬ್ಬುಸ್ಬ್ಯಾಡಿ.”

ಅವಳ ಹೆಗಲ ಮೇಲಿಂದ ರಂಗನಾಯಕ ನೋಡಿದ. ಮುದುಕ ಮಗುವಿನ ಹಾಗೆ ಮುದುಡಿ ಮಲಗಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮುಖದಲ್ಲಿ ನಗು. ಗೊರಕೆ ಎಷ್ಟು ಹಿತವಾಗಿತ್ತೆಂದರೆ ರಂಗನಾಯಕನಿಗೆ ಹೊಟ್ಟೆ ಉರಿದುಹೋಯಿತು. ಅದು ತನ್ನದು, ತನ್ನ ನಿದ್ದೆ! ಹಿಡಿದು ಅಲುಗಾಡಿಸಿ ಎಬ್ಬಿಸಿದರೆ ತಾನೇ ಏನು ಬಂತು? ಎದ್ದವನು ಮತ್ತೆ ಆ ಮನೆಗೆ ಬಂದು ಒರಗುತ್ತಾನೆಯೇ? ಕೂಗಾಡಲೂ ಶಕ್ತಿಯಿಲ್ಲದೆ ಮುಂದಿನ ಬಸ್ಸಿಗೆ ವಾಪಸ್ಸಾದ.

ಹೀಗೇ ಇಪ್ಪತ್ತು ದಿನ. ಡಾಕ್ಟರು ಕೊಟ್ಟ ಗುಳಿಗೆ ಬಾಯಿ ಒಣಗಿಸಿತೇ ಹೊರತು ನಿದ್ದೆ ತರಲಿಲ್ಲ. ಮಂತ್ರವಾದಿ ಯಾವತ್ತೋ ಸತ್ತುಹೋಗಿದ್ದ. ನಡುಮನೆಯನ್ನು ಅಗೆಸೋಣವೆಂದರೆ ಗುದ್ದಲಿ ಹಿಡಿಯಲು ಯಾರೂ ಒಪ್ಪಲಿಲ್ಲ, ತಾನೇ ಒಂದು ಮಧ್ಯಾಹ್ನ ಮೊಣಕಾಲುದ್ದ ಅಗೆದರೂ ತಗಡು ಸಿಗಲಿಲ್ಲ. ಮರಿತಾಯಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಸಾಕಮ್ಮನ ಮನೆಗೆ ಹೋಗಿ ಇನ್ನೊಮ್ಮೆ ಎಲ್ಲವನ್ನೂ ಕೇಳಿಕೊಂಡು ಬಂದಳು, ಅಷ್ಟೆ.

ಕಾರ್ಖಾನೆಯಲ್ಲಿ ಅವನ ಕೆಲಸ ರಟ್ಟು ಕತ್ತರಿಸುವ ಮಿಷನ್ನಿನ ಮುಂದೆ. ಕೈ ಒಳಗಿಟ್ಟು ರಟ್ಟು ಸರಿಸಬೇಕು, ಕೈ ತೆಗೆಯಬೇಕು, ಕತ್ತಿ ಇಳಿಯಬೇಕು. ಜೊತೆಗಾರ ಮಾದು ಒಂದು ದಿನ ಕೇಳಿದ: “ಅಣ್ಣ, ಆ ಒಳೆ ಬೀದಿ ಮನೆ ಬೀಗದ ಕೈ ನಿನ್ನತ್ರನೇ ಅದಂತಲ್ಲ. ನಮ್ ರೂಮಲ್ಲಿ ಆರು ಜನ, ಮೈ ಚಾಚಕ್ಕೂ ಜಾಗ ಇಲ್ಲ. ಒಂದೆರಡು ದಿನ ಅಲ್ಲಿ ಮಲಗ್ಲಾ?”

ರಂಗನಾಯಕನ ಕೈ ಜೇಬಿಗೆ ಹೋಯಿತು. ಬೀಗದ ಕೈ ಬೆರಳಿಗೆ ಸಿಕ್ಕಿತು. ಹೂಂ ಅಂದರೆ ಸಾಕು, ಈ ಹೊತ್ತಿಗೇ ಬಿಡುಗಡೆ. ಮಾದುವಿನ ಮುಖ ನೋಡಿದ. ಚಿಕ್ಕಬಸಪ್ಪ ಹಾಸಿಟ್ಟಿದ್ದ ಚಾಪೆ ಕಣ್ಣ ಮುಂದೆ ಬಂತು.

“ಬ್ಯಾಡ ಕಣ್ಲಾ. ಅದು ಸರಿಯಿಲ್ಲ,” ಎಂದು ಕೈ ಹೊರಕ್ಕೆ ತೆಗೆದ.

ಮಾರನೆಯ ಪಾಳಿಯಲ್ಲೇ ಅದು ನಡೆಯಿತು. ರಟ್ಟು ಸರಿಸಿದ. ಕೈ ತೆಗೆದೆನೆಂದುಕೊಂಡ. ತೆಗೆದಿರಲಿಲ್ಲ. ಕತ್ತಿ ಇಳಿಯಿತು. ಯಾರೋ ಕೂಗಿದರು. ಮಾದು ರಟ್ಟೆ ಹಿಡಿದು ಎಳೆದ. ಕತ್ತಿ ರಂಗನಾಯಕನ ಅಂಗಿಯ ತೋಳನ್ನು ಕತ್ತರಿಸಿಕೊಂಡು ಹೋಯಿತು. ಕೈ ಉಳಿಯಿತು. ಮಾದುವೇ ಅವನನ್ನು ಮನೆಗೆ ಕರೆತಂದು, “ಅಕ್ಕ, ಇನ್ನೊಂದ್ ಸಲ ನಾನು ಪಕ್ಕದಲ್ಲಿರ್ತೀನೋ ಇಲ್ವೋ,” ಎಂದು ಅಂಗಿಯ ಹರಿದ ತೋಳನ್ನು ಮರಿತಾಯಮ್ಮನಿಗೆ ತೋರಿಸಿ ಹೋದ.

ಮರುದಿನ ಮಧ್ಯಾಹ್ನ ಮಿಲ್ಲು ಗುಡುಗುಟ್ಟುತ್ತಿತ್ತು. ರಂಗನಾಯಕ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಇದ್ದಕ್ಕಿದ್ದಂತೆ ರೆಪ್ಪೆ ಭಾರವಾಯಿತು. ಕುತ್ತಿಗೆ ವಾಲಿತು. ಇದೇನಿದು ಎಂದು ಅಂದುಕೊಳ್ಳುವಷ್ಟರಲ್ಲಿ ನಿದ್ದೆ ಹೋಗಿದ್ದ.

ಎದ್ದಾಗ ದೀಪ ಹಚ್ಚುವ ಹೊತ್ತು. ಇಪ್ಪತ್ತೆರಡು ದಿನಗಳ ಮೇಲೆ ಕಣ್ಣು ತಂಪಾಗಿತ್ತು, ಜೀವ ಹಗುರವಾಗಿತ್ತು. “ತಾಯಮ್ಮಾ, ನಿದ್ದೆ ಬಂತು ಕಣೇ! ಬಿಡ್ತು ಕಣೇ!” ಎಂದು ಕೂಗಿದ.

ಬಾಗಿಲ ಹತ್ತಿರ ಮರಿತಾಯಮ್ಮ ಕೂತಿದ್ದಳು. ಕಾಲಿನ ತುಂಬ ಹೊಳೆ ಬೀದಿಯ ಕೆಮ್ಮಣ್ಣು. ಅವನು ಜೇಬು ಮುಟ್ಟಿ ನೋಡಿಕೊಂಡ, ಬೀಗದ ಕೈ ಇರಲಿಲ್ಲ. ಅವಳ ಕಣ್ಣು ನೋಡಿದ.

“ಏನ್ ಮಾಡ್ದೆ? ಏಯ್, ಏನ್ ಮಾಡ್ಬುಟ್ಟೆ?”

“ಕೂಗಬ್ಯಾಡಿ. ನನಗೂ ಸುಸ್ತಾಗಿತ್ತು. ಒರಗಿದ್ ತಕ್ಷಣ ಬಂತು. ಚೆನ್ನಾಗಿತ್ತು ಕಣ್ರೀ, ಮಿಲ್ಲಿನ ಸದ್ದೇ ಇಲ್ಲ.”

“ನಾನೀಗ್ಲೇ ಓಗಿ ಅಲ್ಲಿ ಮಲಗ್ತೀನಿ.”

“ಮಲಗಿ. ನಾಳೆ ನಾನು ಮತ್ತೆ ಓಗಿ ಮಲಗ್ತೀನಿ. ನಾಡಿದ್ದು ನೀವು ಓಗಿ. ಎಷ್ಟ್ ದಿನ ಅಂತ ಇಂಗೆ ಓಡಾಡದು?” ಅವಳ ದನಿಯಲ್ಲಿ ಕೋಪವಿರಲಿಲ್ಲ, ಬರೀ ಆಯಾಸ. “ನೀವು ಮಿಷನ್ ಮುಂದೆ ನಿಲ್ಲೋರು. ನಾನು ಒಲೆ ಮುಂದೆ ಕೂರೋಳು. ಒಲೇಗೆ ಕತ್ತಿ ಇಲ್ವಲ್ಲ.”

ರಂಗನಾಯಕ ಅವಳ ಕೈ ಹಿಡಿದುಕೊಂಡು ಅತ್ತ. ಸಣ್ಣ ಮಗು ಅಳುವ ಹಾಗೆ ಬಿಕ್ಕಿಬಿಕ್ಕಿ ಅತ್ತ. ಬೇರೆ ಯಾರನ್ನಾದರೂ ಅಲ್ಲಿಗೆ ಕಳಿಸೋಣವೆಂದು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಚಾಪೆ ಹಾಸಿದಳು. “ಅತ್ತಿದ್ದು ಸಾಕು. ಹತ್ತು ಗಂಟೆಗೆ ಪಾಳಿ. ಇನ್ನೂ ಮೂರು ಗಂಟೆ ಹೊತ್ತಿದೆ, ಮಲಗಿ. ನಾನು ಎಬ್ಬುಸ್ತೀನಿ. ಎಚ್ಚರವಾಗೇ ಇರ್ತೀನಲ್ಲ.”

ಹೇಳುವುದಕ್ಕೇ ನಾಚಿಕೆಯಾಗುತ್ತದೆ. ರಂಗನಾಯಕ ಮಲಗಿದ. ಮಲಗಿದ ತಕ್ಷಣ ನಿದ್ದೆಯೂ ಬಂತು.