ಕಪ್ಪು-ಬಿಳುಪಿನಲ್ಲೊಂದು ನೀಲಿ ಅಂಗಿ

ಸೋಮವಾರ ಮಧ್ಯಾಹ್ನ ಮೂರಕ್ಕೆ ಸಾಕುಪ್ರಾಣಿ ಅಂಗಡಿಯ ಯಜಮಾನ ಏದುಸಿರು ಬಿಡುತ್ತ ಠಾಣೆಗೆ ಬಂದ. ಗಿರಾಕಿಯೊಬ್ಬರಿಗೆ ಮಾರಿ, ಒಪ್ಪಿಸಲು ಇಟ್ಟಿದ್ದ ಮಾತಾಡುವ ಬೂದು ಗಿಳಿ ಹಿಂದಿನ ದಿನ ಪಂಜರ ಸಮೇತ ಕಳುವಾಗಿತ್ತು. ಕಳ್ಳ ಯಾರೆಂಬ ತೀರ್ಪನ್ನೂ ಅವನೇ ಹೊತ್ತು ತಂದಿದ್ದ. ಅಂಗಡಿಯ ಕ್ಯಾಮೆರಾದ ಟೇಪನ್ನು ಸ್ಟುಡಿಯೋದಲ್ಲಿ ಡಿಜಿಟಲ್ ಮಾಡಿಸಿದ್ದ. ನೀಲಿ ಅಂಗಿಯವನೊಬ್ಬ ಬೆನ್ನು ತಿರುಗಿಸಿಕೊಂಡು ಪಂಜರ ಎತ್ತುವುದು ಅದರಲ್ಲಿತ್ತು.

"ನೀಲಿ ಅಂಗಿ ಅಂದ್ರೆ ನಮ್ಮ ಕಾವಲುಗಾರನ ಯೂನಿಫಾರಂ, ಅವನೇ ಮೇಡಂ. ಉಂಡ ಮನೆಗೇ ಕನ್ನ ಹಾಕಿದ."

ಎಫ್‌ಐಆರ್ ದಾಖಲಾಯಿತು. ಮೀಸೆ ಕಾನ್‌ಸ್ಟೆಬಲ್ ಕಾವಲುಗಾರನನ್ನು ಕರೆತಂದ. ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಂಬಿಕೆ ಮೇಲೆ ನಡೆಯೋ ಕೆಲಸ ಮೇಡಂ. ಕಳ್ಳ ಅನ್ನಿಸಿಕೊಂಡ್ರೆ ಇನ್ಯಾರು ನನ್ನನ್ನ ಬಾಗಿಲಲ್ಲಿ ನಿಲ್ಲಿಸ್ತಾರೆ?"

ಇನ್‌ಸ್ಪೆಕ್ಟರ್ ಮೇಡಂ ದೃಶ್ಯವನ್ನು ಮತ್ತೆ ನೋಡಿದರು. ಗೋಡೆ ಬೂದು, ಪಂಜರ ಬೂದು, ಮನುಷ್ಯನ ಕೈಯೂ ಬೂದು. ಅಂಗಿ ಮಾತ್ರ ನೀಲಿ, ಅದೂ ಮಿಣಮಿಣ ಅಲುಗುವ ನೀಲಿ. ಅವರಿಗೆ ಒಳಗೊಳಗೇ ನಗು ಬಂತು.

"ಯಜಮಾನ್ರೇ, ಕ್ಯಾಮೆರಾ ಯಾವ್ದು?"

"ಹಳೇದು ಮೇಡಂ. ಬ್ಲ್ಯಾಕ್ ಅಂಡ್ ವೈಟ್."

"ಮತ್ತೆ ನೀಲಿ ಎಲ್ಲಿಂದ ಬಂತು?"

ಯಜಮಾನ ಪರದೆಯ ಹತ್ತಿರ ಬಗ್ಗಿ ನೋಡಿದ. "ಸ್ಟುಡಿಯೋದವನನ್ನೇ ಕೇಳ್ಬೇಕು ಮೇಡಂ."

ಎಲ್ಲರೂ ಸ್ಟುಡಿಯೋಗೆ ಹೋದರು. ಅಲ್ಲಿನವನು ತಲೆ ಕೆರೆದುಕೊಂಡ. "ಒತ್ತೊತ್ತಾಗಿ ಗೆರೆ ಇದ್ರೆ ಮೆಷಿನ್ನು ಅದನ್ನೇ ಬಣ್ಣ ಅಂದ್ಕೊಳ್ಳುತ್ತೆ ಮೇಡಂ. ನಾನು ಬಣ್ಣ ಆಫ್ ಮಾಡ್ಬೇಕಿತ್ತು. ಅವಸರದಲ್ಲಿ ಹಾಗೇ ಬಿಟ್ಟೆ."

"ನಿಮ್ಮ ಅವಸರಕ್ಕೆ ಒಬ್ಬರ ಮಾನ ಹೋಗ್ತಿತ್ತು. ಈಗ ಆಫ್ ಮಾಡಿ."

ಅವನು ಬಣ್ಣವನ್ನು ಸೊನ್ನೆಗಿಳಿಸಿ ಟೇಪನ್ನು ಮೊದಲಿನಿಂದ ಓಡಿಸಿದ. ನೀಲಿ ಅಳಿಸಿಹೋಯಿತು. ಅಂಗಿಯ ತುಂಬ ಸಣ್ಣ ಸಣ್ಣ ಗೆರೆಗಳು ಎದ್ದು ಕಂಡವು. ಕಾವಲುಗಾರನ ಸಮವಸ್ತ್ರದಲ್ಲಿ ಒಂದು ಗೆರೆಯೂ ಇರಲಿಲ್ಲ. ಅನುಮಾನ ಉಳಿಯಬಾರದೆಂದು ಮೇಡಂ ಕಾವಲುಗಾರನನ್ನು ಅಂಗಡಿಯ ಅದೇ ಕ್ಯಾಮೆರಾದ ಮುಂದೆ ನಿಲ್ಲಿಸಿ, ಆ ಟೇಪನ್ನು ಸ್ಟುಡಿಯೋದಲ್ಲಿ ಬಣ್ಣ ಆನ್ ಮಾಡಿಯೇ ಓಡಿಸಿ ನೋಡಿದರು. ನಿಜವಾದ ನೀಲಿ ಅಂಗಿ ಸಪ್ಪೆ ಬೂದಾಗಿ ಬಂತು. ಪಂಚನಾಮೆಗೆ ಸಹಿಗಳು ಬಿದ್ದವು, ಹೇಳಿಕೆ ಬರೆಸಲು ಕಾವಲುಗಾರನನ್ನು ಠಾಣೆಗೆ ಕಳಿಸಿದರು.

ಯಜಮಾನನ ಮುಖ ಮಾತ್ರ ಬಿಳಿಚಿಕೊಂಡಿತ್ತು. "ಆ ಗೆರೆ ಅಂಗಿ... ನಾನೇ ಕೊಡಿಸಿದ್ದು. ನನ್ನ ತಮ್ಮನಿಗೆ."

ತಮ್ಮನ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ ಇತ್ತು. ಅಂಗಿ ಹಗ್ಗದ ಮೇಲೆ ಒಣಗುತ್ತಿತ್ತು, ಪಂಜರ ಅಡುಗೆಮನೆಯಲ್ಲಿತ್ತು. ಅವನು ಓಡಲಿಲ್ಲ, ವಾದಿಸಲಿಲ್ಲ.

"ಕಾವಲುಗಾರನ್ನ ಹಿಡಿದಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಸುಮ್ಮನಿದ್ಯಲ್ಲಪ್ಪ!"

"ಹೇಳಿದ್ರೆ ಗಿಳಿ ಹೋಗ್ತಿತ್ತು ಮೇಡಂ. ತಪ್ಪೇ." ಅವನು ತಲೆ ತಗ್ಗಿಸಿದ.

ಮೇಡಂ ಮೊದಲು ಠಾಣೆಗೆ ಫೋನ್ ಮಾಡಿ, ಮುದುಕನನ್ನು ಅಲ್ಲಿರುವ ಜೀಪಿನಲ್ಲೇ ಮರ್ಯಾದೆಯಿಂದ ಮನೆಗೆ ಬಿಡಿ, ನಾಲ್ಕು ಜನ ನೋಡಲಿ ಎಂದರು. ಆಮೇಲೆ ಅಂಗಿ, ಪಂಜರ ಜಪ್ತಿ ಮಾಡಿ, ಬಂಧನದ ವಿಷಯ ತಿಳಿಸಿದರು.

ಕಾನ್‌ಸ್ಟೆಬಲ್ ತೋಳು ಹಿಡಿದು ಹೊಸಿಲು ದಾಟಿಸುವಾಗ ಹಿಂದಿನಿಂದ ವಯಸ್ಸಾದ ಹೆಂಗಸೊಬ್ಬಳ ದನಿ ಕೇಳಿತು. "ಮಗಾ, ಉಂಡ್ಯಾ?"

ಮೇಡಂ ತಟ್ಟನೆ ತಿರುಗಿದರು. ಮನೆಯಲ್ಲಿ ಗಿಳಿಯ ಹೊರತು ಯಾರೂ ಇರಲಿಲ್ಲ.

"ನಮ್ಮಮ್ಮನ ದನಿ," ಎಂದ ತಮ್ಮ. "ಅವಳು ಸಾಕಿದ ಗಿಳಿ ಇದು. ಹೋದ ವರ್ಷ ತೀರಿಕೊಂಡ್ಳು. ಅಣ್ಣನಿಗೆ ಅದು ಬರೀ ಗಿಳಿ."

ಅಷ್ಟು ಹೇಳಿ ಅವನು ಪಂಜರದ ಕಡೆ ನೋಡಿದ. "ಉಂಡೆ ಅಮ್ಮಾ," ಎಂದು ಜೀಪು ಹತ್ತಿದ.